ಒಂಬತ್ತನೇ ಕ್ಲಾಸು, ನಾಲ್ಕು ದಿನ, ಒಂದು ಕೂರಿಗೆ

ಈ ಸಲದ ಪ್ರವಾಸ ಎಲ್ಲಿಗೆ ಅನ್ನೋದು ಜುಲೈ 1ರಂದೇ ತೀರ್ಮಾನವಾಗಿತ್ತು, ನನಗೇ ಗೊತ್ತಿಲ್ಲದ ಹಾಗೆ. ಅವತ್ತು ಪತ್ರಿಕಾ ದಿನ. ನಮ್ಮದು ಘಟ್ಟದ ಮೇಲಿನ ಬಯಲುಸೀಮೆಯ ಒಂದು ಮಿಷನ್ ಹೈಸ್ಕೂಲು. ಬೆಳಿಗ್ಗೆ ಗಂಟೆ ಹೊಡೆದ ಮೇಲೆ ಕನ್ನಡದಲ್ಲಿ ಒಂದು ಕೀರ್ತನೆ, ಒಂದು ಪ್ರಾರ್ಥನೆ, ಆಮೇಲೆ ನಾಡಗೀತೆ. ಕ್ರೈಸ್ತ ಮಕ್ಕಳು ಕ್ಲಾಸಿಗೆ ಏಳೆಂಟು ಇದ್ದರೆ ಜಾಸ್ತಿ, ಉಳಿದವರೆಲ್ಲ ಸುತ್ತಮುತ್ತಲ ಹಳ್ಳಿಯವರು. ನಾನು ಅಲ್ಲಿ ಕನ್ನಡ ಪಾಠ ಮಾಡುತ್ತೇನೆ.

ಪತ್ರಿಕಾ ದಿನಕ್ಕೆ ಒಂಬತ್ತನೇ ಕ್ಲಾಸಿನವರು ಒಂದು ಗೋಡೆ ಪತ್ರಿಕೆ ಮಾಡಿದ್ದರು. ಅದರಲ್ಲಿ ಒಬ್ಬ ಹುಡುಗಿ ತನ್ನ ಅಜ್ಜ ಬಿತ್ತನೆಗೆ ಹೊರಟ ದಿನದ ಬಗ್ಗೆ ಬರೆದಿದ್ದಳು. ಚೆನ್ನಾಗಿತ್ತು. ‘ಅಜ್ಜ ನಸುಕಿಗೇ ಎದ್ದು ಕೂರಿಗೆ ಕಟ್ಟಿದ’ ಅಂತ ಮೊದಲ ಸಾಲು. ಪೇಟೆಯ ಕಡೆಯಿಂದ ಬರುವ ಹುಡುಗನೊಬ್ಬ ‘ಕೂರಿಗೆ ಅಂದ್ರೇನೇ, ಕುರಿಮರಿನಾ?’ ಅಂದನಂತೆ. ಎಲ್ಲರೂ ನಕ್ಕರಂತೆ. ಮಾರನೇ ದಿನ ನಾನು ನೋಡಿದಾಗ ಆ ಪದದ ಮೇಲೆ ಬಿಳಿ ಕಾಗದದ ಚೂರು ಅಂಟಿಸಿ, ಅದರ ಮೇಲೆ ‘ಸೀಡ್ ಡ್ರಿಲ್’ ಅಂತ ಬರೆದಿದ್ದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳೋಕೆ ಬರಲ್ಲ. ಕ್ಲಾಸಿಗೆ ಹೋಗಿ, ಜರ್ಮನಿಯಿಂದ ಬಂದ ಒಬ್ಬ ಪಾದ್ರಿ ಬರೆದ ನಿಘಂಟಿನಲ್ಲಿ ಈ ಪದ ಇದೆ ಕಣ್ರೋ, ಅವನಿಗೆ ಗೊತ್ತಿತ್ತು, ನಿಮಗೆ ಗೊತ್ತಿಲ್ಲ ಅಂದುಬಿಟ್ಟೆ. ‘ತೋರಿಸಿ ಸಾರ್’ ಅಂದರು. ಆ ಪಾದ್ರಿ ಅಂದರೆ ಕಿಟೆಲ್. ನಮ್ಮ ಲೈಬ್ರರಿಯಲ್ಲಿ ಕಿಟೆಲ್ ನಿಘಂಟು ಇಲ್ಲ. ನಿಜ ಹೇಳಬೇಕೆಂದರೆ ಆ ಪದ ಅದರಲ್ಲಿ ಇದೆಯೋ ಇಲ್ಲವೋ ನಾನೂ ನೋಡಿರಲಿಲ್ಲ. ಇರಲೇಬೇಕು ಅನ್ನೋ ಧೈರ್ಯದ ಮೇಲೆ ಹೇಳಿದ್ದು. ‘ಮಂಗಳೂರಿಗೆ ಹೋದಾಗ ತೋರಿಸ್ತೀನಿ’ ಅಂತ ಬಾಯಿ ತಪ್ಪಿ ಬಂತು. ಅಷ್ಟೇ, ಪ್ರವಾಸ ಫಿಕ್ಸ್ ಆಯಿತು.

ಮೊದಲನೇ ದಿನ

ಬೆಳಿಗ್ಗೆ ಐದಕ್ಕೆ ಬಸ್ಸು. 43 ಮಕ್ಕಳು, 4 ಜನ ಟೀಚರು. ಕತ್ತಲಲ್ಲಿ ಬಿಡೋದು ಬೇಡ ಅಂತ ಹೆಡ್‌ಮಿಸ್ ಹೇಳಿದ್ದರು, ಆದರೆ ದಾರಿ ದೂರ. ಅವರೇ ಟಾರ್ಚ್ ಹಿಡಿದು ಬಂದು ಬಸ್ಸಿನ ಬಾಗಿಲಲ್ಲಿ ನಿಂತು ಪ್ರಾರ್ಥನೆ ಮಾಡಿ, ಡ್ರೈವರ್ ಹತ್ತಿರ ಹೋಗಿ ‘ನಿಧಾನ ಹೋಗಪ್ಪಾ’ ಅಂತ ಮೂರು ಸಲ ಹೇಳಿ ಕಳಿಸಿದರು.

ಮೊದಲ ಎರಡು ಗಂಟೆ ಅಂತ್ಯಾಕ್ಷರಿ. ನಮ್ಮ ಕೊಯರ್ ಹುಡುಗಿಯರು ಒಟ್ಟಿಗೆ ಹಿಂದೆ ಕೂತಿದ್ದರು. ಇವರದೊಂದು ಕಥೆ ಇದೆ. ಈ ವರ್ಷದ ಪ್ರತಿಭಾ ಕಾರಂಜಿಯಲ್ಲಿ ನಮ್ಮ ಶಾಲೆಯಿಂದ ಜನಪದ ಗೀತೆಗೆ ಕೊಡೋಣ ಅಂತಿದ್ದೆವು, ಅದಕ್ಕೆ ಬೇರೆ ಮಕ್ಕಳು ಆಗಲೇ ತಯಾರಾಗಿದ್ದರು. ಕವ್ವಾಲಿಗೆ ಯಾರೂ ಇರಲಿಲ್ಲ. ಖಾಲಿ ಬಿಡೋದು ಯಾಕೆ ಅಂತ ಕೊಯರ್‌ನ ಆರು ಹುಡುಗಿಯರನ್ನು ಸೇರಿಸಿದೆವು. ಇಬ್ಬರು ಮುಸ್ಲಿಂ ಹುಡುಗಿಯರು ಉಚ್ಚಾರಣೆ ಹೇಳಿಕೊಟ್ಟರು, ಸಂಗೀತದ ಮಿಸ್ ಹಾರ್ಮೋನಿಯಂ ಹಿಡಿದರು, ಚಪ್ಪಾಳೆಯ ತಾಳ ಹದಿನೈದು ದಿನ ಇಡೀ ಶಾಲೆಯ ತಲೆ ತಿಂದಿತು. ತಾಲ್ಲೂಕಿಗೆ ಫಸ್ಟ್ ಬಂದರು! ಭಾನುವಾರ ಚರ್ಚಿನಲ್ಲಿ ಕೀರ್ತನೆ ಹಾಡುವವರು ಕವ್ವಾಲಿಯಲ್ಲಿ ಗೆದ್ದದ್ದನ್ನು ನಮ್ಮ ಫಾದರ್ ಪ್ರಸಂಗದಲ್ಲೇ ಹೇಳಿ ನಗಿಸಿದರು. ಬಸ್ಸಿನಲ್ಲೂ ಅದೇ ಕವ್ವಾಲಿ. ಸಕಲೇಶಪುರ ಬರುವಷ್ಟರಲ್ಲಿ ಡ್ರೈವರಿಗೂ ಬಾಯಿಪಾಠ.

ಅಲ್ಲಿಂದ ಮುಂದೆ ಶಿರಾಡಿ ಘಾಟಿ. ಹಾಡು ನಿಂತಿತು. ಬಯಲಿನ ಮಕ್ಕಳು, ಇಷ್ಟು ತಿರುವು ಕಂಡವರಲ್ಲ. ಮೊದಲನೇ ತಿರುವಿಗೆ ಖುಷಿ, ನಾಲ್ಕನೇ ತಿರುವಿಗೆ ಮೌನ, ಹತ್ತನೇ ತಿರುವಿಗೆ ಪ್ಲಾಸ್ಟಿಕ್ ಕವರು. ನಿಂಬೆಹಣ್ಣು ತಂದಿದ್ದೆವು, ಮೂಗಿಗೆ ಹಿಡಿದು ಕೂರಿ ಅಂದರೆ ಒಬ್ಬ ಕಚ್ಚಿ ತಿಂದುಬಿಟ್ಟ. ಅವನಿಗೇ ಏನೂ ಆಗಲಿಲ್ಲ ಅನ್ನೋದು ಬೇರೆ ಮಾತು. ಖೋಖೋದಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿಬಂದ ನಮ್ಮ ಗಟ್ಟಿ ಹುಡುಗಿ, ಮೈದಾನದಲ್ಲಿ ಯಾರ ಕೈಗೂ ಸಿಗದವಳು, ಕಿಟಕಿಗೆ ತಲೆ ಆನಿಸಿಕೊಂಡು ‘ಸಾರ್, ವಾಪಸ್ ಬರೋವಾಗ ಬೇರೆ ರೋಡ್ ಇಲ್ವಾ’ ಅಂತ ಕೇಳಿದಳು.

ಉಪ್ಪಿನಂಗಡಿ ದಾಟಿದ ಮೇಲೆ ಎಲ್ಲರಿಗೂ ಜೀವ ಬಂತು. ಬಿ.ಸಿ. ರೋಡ್ ಹತ್ತಿರ ನೇತ್ರಾವತಿ ಕಂಡಾಗ ಒಂದು ಕಡೆ ಕೂತವರೆಲ್ಲ ಎದ್ದು ಇನ್ನೊಂದು ಕಡೆ ಬಂದರು. ಅಷ್ಟು ನೀರು ಒಟ್ಟಿಗೆ ನೋಡಿದವರು ಕಡಿಮೆ. ‘ಇದು ಸಮುದ್ರನಾ?’ ಅಂತ ಕೇಳಿದವನನ್ನು ಯಾರೂ ನಗಲಿಲ್ಲ, ಅರ್ಧ ಜನಕ್ಕೆ ಅದೇ ಅನುಮಾನ ಇತ್ತು.

ಮಂಗಳೂರು ಮುಟ್ಟಿದಾಗ ಮೂರು ಗಂಟೆ. ಉಳಿದುಕೊಂಡದ್ದು ಒಂದು ಹಳೆಯ ಹಾಸ್ಟೆಲಿನಲ್ಲಿ. ಬುಕ್ ಮಾಡುವಾಗ ‘ಎಲ್ಲಾ ವ್ಯವಸ್ಥೆ ಇದೆ’ ಅಂದಿದ್ದರು. ನಾವು ಹೋದಾಗ ಟ್ಯಾಂಕಿನಲ್ಲಿ ನೀರಿಲ್ಲ. ಮೋಟರು ಸುಟ್ಟಿದೆಯಂತೆ, ಮೆಕ್ಯಾನಿಕ್ ಬರುತ್ತಾನಂತೆ, ಬಂದೇ ಬಿಟ್ಟನಂತೆ. ರಾತ್ರಿ ಎಂಟರವರೆಗೆ ಬಾವಿಯಿಂದ ಸೇದಿದೆವು. ನಮ್ಮ ಹಳ್ಳಿ ಹುಡುಗರಿಗೆ ಅದೇನು ಕಷ್ಟವಾಗಲಿಲ್ಲ. ಕರಾವಳಿಯ ಬಾವಿಯಲ್ಲಿ ನೀರು ಕೈಗೆಟುಕುವಷ್ಟು ಮೇಲಿದೆ ಅನ್ನೋದೇ ಅವರಿಗೆ ದೊಡ್ಡ ಸುದ್ದಿ. ‘ನಮ್ಮೂರಲ್ಲಿ ಬೋರ್ ಎಂಟನೂರು ಅಡಿ ಸಾರ್’ ಅಂತ ಒಬ್ಬ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟ.

ಆ ಹಾಸ್ಟೆಲಿಗೆ ಹಂಚಿನ ಮಾಡು. ಅಂಗಳದ ಮೂಲೆಯಲ್ಲಿ ಇಳಿಸಿಟ್ಟ ಹಳೆಯ ಹಂಚುಗಳ ರಾಶಿ ಇತ್ತು. ಒಂದನ್ನು ತಿರುಗಿಸಿ ನೋಡಿದರೆ ಉಬ್ಬಿದ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಹೆಸರು! ಪ್ರವಾಸದ ಮೊದಲ ಪಾಠ ಪಾಠವೇ ಅಲ್ಲದ ಹಾಗೆ ಸಿಕ್ಕಿತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನ್ನಿನಿಂದ ಹೆಬಿಕ್, ಲೇನರ್, ಗ್ರೈನರ್ ಅಂತ ಮೂವರು ಮಂಗಳೂರಿಗೆ ಬಂದರು. ಧರ್ಮಪ್ರಚಾರಕ್ಕೆ ಬಂದವರು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಮತಾಂತರವಾದವರು ಜಾತಿಯ ಕಸುಬು ಕಳೆದುಕೊಂಡು ಬೀದಿಗೆ ಬಿದ್ದಾಗ ಕೆಲಸ ಕೊಡಲೇಬೇಕಾಯಿತು. ನೇಯ್ಗೆ ಶುರುವಾಯಿತು, ಅಚ್ಚುಕೂಟ ಶುರುವಾಯಿತು. 1865ರಲ್ಲಿ ಪ್ಲೆಬ್‌ಸ್ಟ್ ಅನ್ನುವವರು ಇಲ್ಲಿನ ನದಿ ದಂಡೆಯ ಜೇಡಿಮಣ್ಣು ನೋಡಿ ಹಂಚಿನ ಕಾರ್ಖಾನೆ ಹಾಕಿದರು. ಮಂಗಳೂರು ಹಂಚು ಅಂತ ನಾವು ಕರೆಯೋದು ಅದನ್ನೇ.

ವಿಜ್ಞಾನದ ಟೀಚರು ಎರಡು ಹಂಚು ಎತ್ತಿ ಒಂದರ ತುಟಿ ಇನ್ನೊಂದರ ಕಾಲುವೆಗೆ ಹೇಗೆ ಕೂರುತ್ತದೆ ಅಂತ ತೋರಿಸಿದರು. ನಾಡಹಂಚು ಒಂದರ ಮೇಲೊಂದು ಸುಮ್ನೆ ಮಲಗುತ್ತದೆ, ಕೋತಿ ಓಡಿದರೆ ಜಾರುತ್ತದೆ. ಇದು ಕೈ ಕೈ ಹಿಡಿದುಕೊಳ್ಳುತ್ತದೆ. ಮಕ್ಕಳು ನೆಲದ ಮೇಲೆ ಹಂಚು ಜೋಡಿಸಿ, ಮೇಲಿಂದ ಕೊಡಗಟ್ಟಲೆ ನೀರು ಸುರಿದು, ಒಳಗೆ ಹನಿ ಬಿತ್ತಾ ಅಂತ ಬಗ್ಗಿ ನೋಡಿದರು. ಅಷ್ಟು ಕಷ್ಟಪಟ್ಟು ಸೇದಿದ ನೀರು ಅದು.

ಎರಡನೇ ದಿನ

ಬಲ್ಮಠಕ್ಕೆ ಹೋಗುವ ದಿನ. ಬೆಳಿಗ್ಗೆಯಿಂದಲೇ ನನಗೆ ಒಳಗೊಳಗೇ ಪುಕಪುಕ. ಆ ಪದ ನಿಘಂಟಿನಲ್ಲಿ ಇಲ್ಲದಿದ್ದರೆ?

ಬಲ್ಮಠ ಒಂದು ದಿಬ್ಬ. ಮರಗಳು, ಹಳೆಯ ಕಟ್ಟಡಗಳು, ಶಾಂತಿ ಕೆಥೆಡ್ರಲ್, ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಊರಿನ ಗದ್ದಲದ ಮಧ್ಯೆ ಇದ್ದರೂ ಒಳಗೆ ಕಾಲಿಟ್ಟರೆ ಕಾಗೆ ಕೂಗೋದು ಕೇಳಿಸುತ್ತದೆ. ಅದೇ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರತಂದದ್ದು ಈ ಊರಿನಿಂದಲೇ. ಕನ್ನಡದ ಮೊದಲ ಪತ್ರಿಕೆ. ಅದಕ್ಕೇ ಜುಲೈ 1 ಪತ್ರಿಕಾ ದಿನ. ‘ಹಾಗಾದ್ರೆ ನಮ್ಮ ಗೋಡೆ ಪತ್ರಿಕೆ ಈ ಊರಿಂದ ಬಂದಿದ್ದು’ ಅಂತ ಒಬ್ಬ ಲೆಕ್ಕ ಹಾಕಿದ. ಹೌದಪ್ಪಾ ಹೌದು.

ಆ ಪತ್ರಿಕೆ ಕಲ್ಲಚ್ಚಿನಲ್ಲಿ ಆದದ್ದು. ಕಲ್ಲಚ್ಚು ಅಂದರೆ ಕಲ್ಲಿನಲ್ಲಿ ಅಕ್ಷರ ಕೆತ್ತೋದು ಅಂತ ಎಲ್ಲರೂ ಅಂದುಕೊಂಡಿದ್ದರು. ಅಲ್ಲ. ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಬೇಕು. ಆಮೇಲೆ ಕಲ್ಲಿಗೆ ನೀರು ಸವರಬೇಕು. ಜಿಡ್ಡಿದ್ದ ಕಡೆ ನೀರು ನಿಲ್ಲಲ್ಲ, ಉಳಿದ ಕಡೆ ನಿಲ್ಲುತ್ತದೆ. ಈಗ ಎಣ್ಣೆಮಸಿ ಉರುಳಿಸಿದರೆ ಅದು ನೀರಿದ್ದ ಕಡೆ ಹತ್ತಲ್ಲ, ಅಕ್ಷರಕ್ಕೆ ಮಾತ್ರ ಹತ್ತುತ್ತದೆ. ಕಾಗದ ಒತ್ತಿ ತೆಗೆದರೆ ಪತ್ರಿಕೆ. ಎಣ್ಣೆಗೂ ನೀರಿಗೂ ಆಗಿಬರಲ್ಲ ಅನ್ನೋ ಒಂದೇ ವಿಷಯದ ಮೇಲೆ ನಿಂತ ವಿದ್ಯೆ. ಶಾಲೆಯಲ್ಲೇ ಒಂದು ಸಲ ಮೇಣದಬತ್ತಿಯಿಂದ ಬಿಳಿ ಹಾಳೆಯಲ್ಲಿ ಹೆಸರು ಬರೆಸಿ, ಮೇಲೆ ನೀರುಬಣ್ಣ ಬಳಿಸಿದ್ದೆ. ಹೆಸರು ಬಿಳಿಯಾಗಿ ಉಳಿದಾಗ ಬಾಯಿ ಬಿಟ್ಟಿದ್ದವರೇ ಇವರು. ಈಗ ನೆನಪಿಸಿದ ತಕ್ಷಣ ಅರ್ಥವಾಯಿತು.

ಮೋಗ್ಲಿಂಗ್ ಬಗ್ಗೆ ಮಕ್ಕಳಿಗೆ ಹಿಡಿಸಿದ ಸಂಗತಿ ಬೇರೆಯೇ. ಈತ ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದ. ಜೈಮಿನಿ ಭಾರತ, ಬಸವ ಪುರಾಣ ಇಂಥವನ್ನೆಲ್ಲ ಕಲ್ಲಚ್ಚಿಗೆ ತಂದ. ‘ಪಾದ್ರಿ ಯಾಕೆ ಸಾರ್ ದಾಸರ ಪದ ಪ್ರಿಂಟ್ ಮಾಡ್ತಾನೆ?’ ಅಂತ ಒಬ್ಬಳು. ಒಳ್ಳೆ ಪ್ರಶ್ನೆ. ಊರಿನವರ ಭಾಷೆ, ಮನಸ್ಸು ಗೊತ್ತಾಗದೆ ತನ್ನ ಮಾತು ಯಾರಿಗೂ ತಲುಪಲ್ಲ ಅಂತ ಶುರು ಮಾಡಿದ್ದಿರಬಹುದು, ಆಮೇಲೆ ಆ ಪದಗಳೇ ಹಿಡಿದುಕೊಂಡಿರಬಹುದು ಅಂದೆ. ಅವಳು ‘ನಮ್ಮ ಕವ್ವಾಲಿ ಥರ’ ಅಂದಳು. ನನ್ನ ಉತ್ತರಕ್ಕಿಂತ ಅವಳದೇ ಚೆನ್ನಾಗಿತ್ತು.

ಆಮೇಲೆ ಆ ಗಳಿಗೆ ಬಂತು. ಮೊದಲೇ ಪತ್ರ ಬರೆದು ಅನುಮತಿ ಕೇಳಿದ್ದೆ. ಅಲ್ಲಿನವರು ಕಿಟೆಲ್ ನಿಘಂಟನ್ನು ಮೇಜಿನ ಮೇಲೆ ತಂದಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಬಂದ ಪುಸ್ತಕ. ದಪ್ಪ ಅಂದರೆ ದಪ್ಪ, ಇಟ್ಟ ಸದ್ದಿಗೆ ಮಕ್ಕಳು ಬೆಚ್ಚಿದರು. ಎಪ್ಪತ್ತು ಸಾವಿರದಷ್ಟು ಪದ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು 21. ನಿಘಂಟು ಕೈಗೆ ಬಂದಾಗ 62. ‘ಅಷ್ಟು ದಿನ ಬೇರೆ ಏನೂ ಮಾಡ್ಲಿಲ್ವಾ?’ ಅಂತ ಒಬ್ಬ. ಮಾಡಿದ್ದಾರೆ. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಎರಡನ್ನೂ ಸಂಪಾದಿಸಿದ್ದಾರೆ. ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ ಅಂತ ಬರೆದಿದ್ದಾರೆ. ಷಟ್ಪದಿಗೆ ಪ್ರಸ್ತಾರ ಹಾಕಿ ಅಂದರೆ ಹೊಟ್ಟೆನೋವು ಅನ್ನುವ ನನ್ನ ಶಿಷ್ಯರು ಈ ಮಾತಿಗೆ ತಲೆ ತಗ್ಗಿಸಿದರು.

ನಾನು ಪುಟ ತಿರುಗಿಸಲಿಲ್ಲ. ಗೋಡೆ ಪತ್ರಿಕೆಯಲ್ಲಿ ಕೂರಿಗೆ ಅಂತ ಬರೆದಿದ್ದ ಹುಡುಗಿಯನ್ನೇ ಕರೆದೆ. ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು ಬಂದಳು. ಕಾಗುಣಿತದ ಸಾಲು ಹಿಡಿದು ಹುಡುಕಬೇಕು. ಕ, ಕಾ, ಕಿ, ಕೀ, ಕು. ಬೆರಳು ಕಾಗದಕ್ಕೆ ತಾಗಿಸದೆ ಮೇಲೆ ಮೇಲೆ ಓಡಿಸುತ್ತಿದ್ದಳು. ಹಿಂದೆ 42 ತಲೆಗಳು. ಕು ಮುಗಿಯುವುದೇ ಇಲ್ಲ, ಪುಟಗಟ್ಟಲೆ ಕು. ಕೂ ಬಂತು. ಯಾರೋ ಹಿಂದಿನಿಂದ ತಳ್ಳಿದರು, ಯಾರೋ ಶ್ ಅಂದರು. ಅವಳ ಬೆರಳು ನಿಂತಿತು.

ಇತ್ತು. ಕೂರಿಗೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಅದರ ಅರ್ಥ, ಬಿತ್ತುವ ಸಾಧನ ಅಂತ.

ಅವಳೇನೂ ಕುಣಿಯಲಿಲ್ಲ. ಕುರಿಮರಿ ಅಂದಿದ್ದ ಹುಡುಗನ ಕಡೆ ತಿರುಗಿ ‘ಓದು’ ಅಂದಳು. ಅವನು ಬಗ್ಗಿ ಜೋರಾಗಿ ಓದಿದ. ನಾನು ಕಿಟಕಿ ಕಡೆ ಹೋಗಿ ನಿಂತೆ. ನಾಲ್ಕೂವರೆ ತಿಂಗಳಿಂದ ಹೊತ್ತಿದ್ದ ಭಾರ ಇಳಿದಿತ್ತು, ಒಂದು ಬೀಡಾ ಹಾಕಿದಷ್ಟು ಹಗುರ.

ಆಮೇಲೆ ಗಲಾಟೆಯೇ ಗಲಾಟೆ. ಮಿಣಿ ಇದೆಯಾ ನೋಡು, ಮೇಟಿ ಇದೆಯಾ ನೋಡು, ನಮ್ಮಜ್ಜಿ ಬೈಯೋದು ಇದೆಯಾ ನೋಡು. ಪದಗಳ ಜೊತೆ ಗಾದೆಗಳನ್ನೂ ಸೇರಿಸಿದ್ದಾರೆ ಕಿಟೆಲ್, ಹೀಗಾಗಿ ಓದುತ್ತಾ ಹೋದರೆ ಕಥೆ ಪುಸ್ತಕದ ಹಾಗೆ. ಅಲ್ಲಿನವರು ಪಾಪ ತಾಳ್ಮೆಯಿಂದ ನಿಂತಿದ್ದರು. ಆಗ ನನಗೆ ಹೊಳೆಯಿತು, ಇನ್ನು ಮೂರು ದಿನ ಎಲ್ಲರೂ ನೋಟ್‌ಬುಕ್ಕಿನಲ್ಲಿ ಹೊಸ ಪದ ಬರೆಯಿರಿ, ಮನೆಯ ಪದವಾದರೂ ಸರಿ, ದಾರಿಯಲ್ಲಿ ಕೇಳಿದ್ದಾದರೂ ಸರಿ ಅಂದೆ. ಪ್ರವಾಸದಲ್ಲೂ ಹೋಮ್‌ವರ್ಕಾ ಅಂತ ಗೊಣಗಿದರು, ಬರೆದರು.

ಊಟದ ನಂತರ ಸಂತ ಅಲೋಶಿಯಸ್ ಚಾಪೆಲ್. ಇಲ್ಲಿ ಮಾತು ಕಡಿಮೆ, ಕತ್ತು ನೋವು ಜಾಸ್ತಿ. ಗೋಡೆ, ಕಮಾನು, ಚಾವಣಿ, ಒಂದು ಗೇಣು ಖಾಲಿ ಬಿಡದೆ ಚಿತ್ರ. ಇಟಲಿಯಿಂದ ಬಂದ ಅಂಟೋನಿಯೊ ಮೊಸ್ಕೇನಿ ಅನ್ನುವ ಜೆಸುಯಿಟ್ ಬ್ರದರ್ ಬರೆದದ್ದು, 1899ರಿಂದ ಸುಮಾರು ಎರಡು ವರ್ಷ ಹಿಡಿಯಿತು. ಗೋಡೆಯ ಚಿತ್ರಗಳು ಫ್ರೆಸ್ಕೊ. ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು, ಸುಣ್ಣ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೇ ಸೇರಿ ಗೋಡೆಯೇ ಆಗಿಬಿಡುತ್ತದೆ. ತಪ್ಪಿದರೆ ಕೆರೆದು ತೆಗೆದು ಮತ್ತೆ ಗಾರೆ ಹಚ್ಚಬೇಕು, ರಬ್ಬರ್ ಇಲ್ಲ. ಚಾವಣಿಯವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಒಳ್ಳೆಯದೇ ಆಯಿತು, ಮಕ್ಕಳು ಕಣ್ಣಿಂದ ನೋಡಿದರು.

ನಮ್ಮಲ್ಲಿ ಒಬ್ಬ ಚಿತ್ರ ಬರೆಯುವ ಹುಡುಗ ಇದ್ದಾನೆ, ಓದಿನಲ್ಲಿ ಹಿಂದೆ, ಪರೀಕ್ಷೆ ಹಾಳೆಯ ಅಂಚಿನಲ್ಲೂ ಕುದುರೆ ಬರೆದಿರುತ್ತಾನೆ. ಅವನು ಬೆಂಚಿನ ಮೇಲೆ ಕೂತವನು ಏಳಲೇ ಇಲ್ಲ. ಅಲೋಶಿಯಸ್ ಅನ್ನುವವನು ದೊಡ್ಡ ಮನೆತನದ ಮಗ, ಆಸ್ತಿಯನ್ನೆಲ್ಲ ಬಿಟ್ಟು ಬಂದು, ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆ ಮಾಡುತ್ತಾ ಅದೇ ರೋಗ ತಗುಲಿ 23 ವರ್ಷಕ್ಕೆ ತೀರಿಹೋದ, 1591ರಲ್ಲಿ, ಅಂತ ನಾನು ಪಿಸುಮಾತಿನಲ್ಲಿ ಕಥೆ ಹೇಳಿದರೆ ಅವನು ಕೇಳಿದ್ದು ಒಂದೇ ಪ್ರಶ್ನೆ. ‘ಮೇಲೆ ಬರೆಯೋವಾಗ ಬಣ್ಣ ಕಣ್ಣಿಗೆ ಬೀಳಲ್ವಾ ಸಾರ್?’ ಗೊತ್ತಿಲ್ಲ ಕಣೋ ಅಂದೆ.

ಸಂಜೆ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಗುರುಪುರ ನದಿ ದಾಟಿ ತಣ್ಣೀರುಬಾವಿ ಬೀಚು. ಬತ್ತೇರಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ, ಕರಿಕಲ್ಲಿನದು. ಅದನ್ನು ಯಾರೂ ಸರಿಯಾಗಿ ನೋಡಲಿಲ್ಲ, ಸಮುದ್ರ ಕರೆಯುತ್ತಿತ್ತು. ಮೊದಲ ಅಲೆ ಕಾಲಿಗೆ ಬಡಿದಾಗ 43 ಮಕ್ಕಳೂ ಒಟ್ಟಿಗೆ ಕಿರುಚಿದ್ದು, ಆ ಸದ್ದು ಬರೆಯೋಕಾಗಲ್ಲ. ಮೊಣಕಾಲಿಗಿಂತ ಮೇಲೆ ಯಾರೂ ಹೋಗಬಾರದು ಅಂತ ನಾಲ್ಕೂ ಜನ ಟೀಚರು ನೀರಲ್ಲಿ ಗೋಡೆ ಕಟ್ಟಿ ನಿಂತೆವು. ನನ್ನ ಫೋನು ಜೇಬಲ್ಲೇ ಇತ್ತು. ಇತ್ತು ಅಂದರೆ, ಆಮೇಲೆ ಅದು ಮಾತಾಡಲಿಲ್ಲ.

ಮೂರನೇ ದಿನ

ಮೂಡುಬಿದಿರೆ. ಸಾವಿರ ಕಂಬದ ಬಸದಿ, 1430ರದು. ಹೊರಗಿನಿಂದ ನೋಡಿದರೆ ದೊಡ್ಡದೊಂದು ಮನೆಯ ಹಾಗೆ, ಇಳಿಜಾರು ಮಾಡು. ಮಳೆನಾಡಿನ ದೇವಸ್ಥಾನಕ್ಕೆ ಹಾಗೇ ಇರಬೇಕು ಅಲ್ವಾ, ಮೊದಲನೇ ದಿನದ ಹಂಚಿನ ಪಾಠ ಇಲ್ಲಿ ಕೆಲಸಕ್ಕೆ ಬಂತು. ಒಂದು ಕಂಬದಂತೆ ಇನ್ನೊಂದಿಲ್ಲ ಅನ್ನುತ್ತಾರೆ. ಪರೀಕ್ಷೆ ಮಾಡಲು ಎರಡು ತಂಡ ಹೊರಟಿತು, ಒಂದೇ ಥರದ ಎರಡು ಕಂಬ ಹುಡುಕಿದವರಿಗೆ ಐಸ್‌ಕ್ರೀಮ್ ಅಂತ ಪಂದ್ಯ. ಐಸ್‌ಕ್ರೀಮ್ ಯಾರಿಗೂ ಕೊಡಬೇಕಾಗಿ ಬರಲಿಲ್ಲ. ಕೊನೆಗೆ ಎಲ್ಲರಿಗೂ ಕೊಡಿಸಬೇಕಾಯಿತು, ಅದು ಬೇರೆ.

ಮೂಡುಬಿದಿರೆ ಅಂದರೆ ತಾಳೆಗರಿ. ಜೈನರ ಧವಲ ಗ್ರಂಥಗಳನ್ನು ನೂರಾರು ವರ್ಷ ಕಾಪಾಡಿಕೊಂಡು ಬಂದ ಊರು ಇದು. ಕಬ್ಬಿಣದ ಕಂಟದಿಂದ, ಅಂದರೆ ಚೂಪು ಮೊನೆಯ ಲೇಖನಿಯಿಂದ, ಗರಿಯ ಮೇಲೆ ಗೀರಿ ಬರೆದು, ಮೇಲೆ ಮಸಿ ಒರೆಸಿದರೆ ಗೀರಿನೊಳಗೆ ಮಸಿ ನಿಂತು ಅಕ್ಷರ ಕಾಣುತ್ತದೆ. ನೇರ ಅಡ್ಡಗೆರೆ ಎಳೆದರೆ ಗರಿಯ ನಾರು ಸೀಳುತ್ತದೆ, ಅದಕ್ಕೇ ನಮ್ಮ ಅಕ್ಷರ ಗುಂಡಗಾಯಿತು ಅನ್ನುತ್ತಾರೆ. ಕಲ್ಲಚ್ಚಿನಲ್ಲಿ ಮಸಿ ಮೇಲೆ ನಿಲ್ಲುತ್ತದೆ, ತಾಳೆಗರಿಯಲ್ಲಿ ಒಳಗೆ ಇಳಿಯುತ್ತದೆ, ಫ್ರೆಸ್ಕೊದಲ್ಲಿ ಗೋಡೆಗೇ ಸೇರಿಹೋಗುತ್ತದೆ ಅಂತ ಚಿತ್ರದ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಮೂರು ಚಿತ್ರ ಬರೆದಿದ್ದ. ಪದ ಬರೆಯೋ ಅಂದರೆ ಚಿತ್ರ. ನಾನು ಸುಮ್ಮನಾದೆ.

ಕಾರ್ಕಳದಲ್ಲಿ ಬಿಸಿಲು ನೆತ್ತಿಗೆ. ಗೊಮ್ಮಟ 42 ಅಡಿ, 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು. ಬಂಡೆ ಕಾದು ಕೆಂಡ, ಚಪ್ಪಲಿ ಇಲ್ಲದ ಕಾಲು, ಮಕ್ಕಳು ಕುಣಿಯುತ್ತಾ ಮೇಲೆ ಹೋದರು. ಮೆಟ್ಟಿಲು ಎಣಿಸಿ ಅಂದಿದ್ದೆ, ಏಳು ಜನ ಏಳು ಲೆಕ್ಕ ಕೊಟ್ಟರು. ಗಣಿತದ ಮಿಸ್ ಮುಖ ನೋಡಬೇಕಿತ್ತು. ಮೇಲೆ ಗಾಳಿ. ಗೊಮ್ಮಟನ ಕಾಲ ಬುಡದ ನೆರಳಿನಲ್ಲಿ ಎಲ್ಲರೂ ಕೂತು ಬುತ್ತಿಯ ಚಿತ್ರಾನ್ನದ ಬಗ್ಗೆ ಮಾತಾಡಿದರು. ದೇವಸ್ಥಾನದಲ್ಲಿ ತಿನ್ನುವಂತಿಲ್ಲ, ಮಾತಾಡಲು ಅಡ್ಡಿ ಇಲ್ಲ.

ಅಲ್ಲಿಂದ ಹತ್ತಿರದಲ್ಲೇ ಅತ್ತೂರು ಸಂತ ಲಾರೆನ್ಸ್ ಬಸಿಲಿಕ. 2016ರಲ್ಲಿ ಬಸಿಲಿಕ ಅಂತ ಘೋಷಣೆಯಾದ ಚರ್ಚು. ಜನವರಿಯ ಜಾತ್ರೆಗೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಕೊಯರ್ ಹುಡುಗಿಯರು ಪಕ್ಕದ ಬಾಗಿಲ ಹತ್ತಿರ ನಿಂತು ಒಂದು ಕೀರ್ತನೆ ಹೇಳಿದರು, ಮೈಕಿಲ್ಲ, ಹಾರ್ಮೋನಿಯಂ ಇಲ್ಲ. ಒಳಗೆ ಮೇಣದಬತ್ತಿ ಹಚ್ಚುತ್ತಿದ್ದ ಒಬ್ಬ ಅಜ್ಜಿ ಕುಂಕುಮ ಇಟ್ಟುಕೊಂಡವರು, ಹಾಡು ಮುಗಿಯುವವರೆಗೆ ಕೈ ಮುಗಿದುಕೊಂಡೇ ನಿಂತು, ಆಮೇಲೆ ತುಳುವಿನಲ್ಲಿ ಏನೋ ಕೇಳಿದರು. ನಮಗೆ ಯಾರಿಗೂ ಅರ್ಥವಾಗಲಿಲ್ಲ. ಕೊಯರ್ ಹುಡುಗಿಯರು ಮುಖ ಮುಖ ನೋಡಿಕೊಂಡರು. ಅಜ್ಜಿ ನಕ್ಕು, ‘ಪೊರ್ಲು’ ಅಂದರು, ಗಲ್ಲ ಮುಟ್ಟಿದರು. ಚೆಂದ ಅಂತ. ಆ ರಾತ್ರಿ ಉಡುಪಿಯಲ್ಲಿ ನೋಟ್‌ಬುಕ್ ನೋಡಿದಾಗ 20ಕ್ಕಿಂತ ಜಾಸ್ತಿ ಮಕ್ಕಳ ಪಟ್ಟಿಯಲ್ಲಿ ಪೊರ್ಲು ಇತ್ತು.

ನಾಲ್ಕನೇ ದಿನ

ಬೆಳಿಗ್ಗೆ ಬೇಗ ಮಲ್ಪೆ. ಬಂದರಿನ ಮೀನಿನ ವಾಸನೆಗೆ ಅರ್ಧ ಜನ ಮೂಗು ಮುಚ್ಚಿದರು, ಉಳಿದರ್ಧ ಜನಕ್ಕೆ ಹಸಿವಾಯಿತು. ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ತಲೆ ಎಣಿಸಿ, ಇನ್ನೊಮ್ಮೆ ಎಣಿಸಿ ಹತ್ತಿಸಿದೆವು. 1498ರಲ್ಲಿ ವಾಸ್ಕೋಡಗಾಮ ಇಲ್ಲಿ ಇಳಿದು ಮೇರಿಯಮ್ಮನ ಹೆಸರಿಟ್ಟ ಅಂತ ಪ್ರತೀತಿ.

ದ್ವೀಪದ ಕಲ್ಲು ನೋಡಿ ಯಾರಿಗೂ ನಂಬಿಕೆ ಬರಲಿಲ್ಲ. ಆರು ಮೂಲೆಯ ಕಂಬಗಳು ಒತ್ತೊತ್ತಾಗಿ ನಿಂತಿವೆ, ಕೆಲವು ಐದು ಮೂಲೆಯವು, ಯಾರೋ ಕಡಿದು ಜೋಡಿಸಿದ ಹಾಗೆ. ‘ಇದೂ ಬಸದಿನಾ?’ ಅಂತ ಹಿಂದಿನ ದಿನದ ಕಂಬಗಳ ಗುಂಗಿನಲ್ಲಿದ್ದವನ ಪ್ರಶ್ನೆ. ಕಡಿದವರು ಯಾರೂ ಇಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತ ಮತ್ತು ಮಡಗಾಸ್ಕರ್ ಅಂಟಿಕೊಂಡಿದ್ದವು, ಅವು ಬೇರೆಯಾಗುವ ಕಾಲದ ಲಾವಾ ಇದು ಅಂತ ವಿಜ್ಞಾನದ ಟೀಚರು ಶುರು ಮಾಡಿದರು. ಲಾವಾ ತಣ್ಣಗಾಗುತ್ತಾ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ, ಬಿರುಕು ಮೇಲಿಂದ ಕೆಳಗೆ ಇಳಿಯುತ್ತಾ ಹೋಗುತ್ತದೆ. ಮಕ್ಕಳ ಮುಖದಲ್ಲಿ ಏನೂ ಇಲ್ಲ. ಆಗ ಕೂರಿಗೆ ಹುಡುಗಿ, ‘ಕೆರೆ ಬತ್ತಿದಾಗ ಮಣ್ಣು ಬಿರಿಯುತ್ತಲ್ಲ ಮಿಸ್, ಹಾಗಾ?’ ಅಂದಳು. ಹಾಗೇ! ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ನೋಡದವರು ನಮ್ಮ ಕ್ಲಾಸಿನಲ್ಲಿ ಯಾರಿದ್ದಾರೆ. ಎಲ್ಲರ ತಲೆಯೂ ಒಟ್ಟಿಗೆ ಆಡಿತು. ಟೀಚರು ತಂದಿದ್ದ ಚಾರ್ಟನ್ನು ಬಿಚ್ಚಲೇ ಇಲ್ಲ.

ಬಿಳಿ ಚಿಪ್ಪು ಹೆಕ್ಕಿದ್ದು, ಒಬ್ಬನ ಎಡಗಾಲ ಚಪ್ಪಲಿ ಅಲೆಗೆ ಹೋಗಿದ್ದು, ಅವನು ಬಲಗಾಲಿನದ್ದನ್ನೂ ‘ಒಂಟಿ ಯಾಕೆ’ ಅಂತ ಎಸೆಯಲು ಹೋಗಿ ಬೈಸಿಕೊಂಡಿದ್ದು, ಇವೆಲ್ಲ ಆದವು. ಹನ್ನೊಂದಕ್ಕೆ ವಾಪಸ್, ಉಡುಪಿಯಲ್ಲಿ ಊಟ, ಘಟ್ಟ ಹತ್ತಿದ್ದು, ಮತ್ತೆ ನಿಂಬೆಹಣ್ಣು. ಖೋಖೋ ಹುಡುಗಿ ಈ ಸಲ ಮಾತ್ರೆ ನುಂಗಿ ಮಲಗಿಬಿಟ್ಟಿದ್ದಳು. ಶಾಲೆ ಮುಟ್ಟಿದಾಗ ರಾತ್ರಿ ಹತ್ತು ದಾಟಿತ್ತು. ಗೇಟಿನ ಹತ್ತಿರ ಅಪ್ಪ ಅಮ್ಮಂದಿರ ಬೈಕು, ಟ್ರ್ಯಾಕ್ಟರು. ಹೆಡ್‌ಮಿಸ್ ಅದೇ ಟಾರ್ಚ್ ಹಿಡಿದು ನಿಂತಿದ್ದರು.

ಸೋಮವಾರ ನೋಟ್‌ಬುಕ್ಕುಗಳನ್ನೆಲ್ಲ ಕೂಡಿಸಿದೆವು. ಒಂದೇ ಪದ ಹತ್ತು ಸಲ ಬಂದದ್ದನ್ನು ತೆಗೆದರೂ 312 ಪದ ಉಳಿದವು. ಹೊಸ ಗೋಡೆ ಪತ್ರಿಕೆಯಲ್ಲಿ ಅದೇ. ಚಿತ್ರದ ಹುಡುಗ ಮೇಲ್ಗಡೆ ದೊಡ್ಡದಾಗಿ ಕೂರಿಗೆ ಬರೆದು ಬಣ್ಣ ಹಚ್ಚಿದ, ಕುರಿಮರಿ ಅಂದಿದ್ದವನು ಕೆಳಗೆ ಅರ್ಥ ಬರೆದ. ನಾನು ನೋಡಿ ಸಹಿ ಹಾಕಿದೆ.

ಬುಧವಾರ ಮಧ್ಯಾಹ್ನ ಆ ಹುಡುಗಿಯ ಅಜ್ಜ ಶಾಲೆಗೆ ಬಂದರು. ಮೊಮ್ಮಗಳು ಹೇಳಿದ್ದಳಂತೆ, ನೋಡಲು ಬಂದಿದ್ದಾರೆ. ಗೋಡೆ ಮುಂದೆ ಬಹಳ ಹೊತ್ತು ನಿಂತರು. ಟವಲ್ ತೆಗೆದು ಹೆಗಲು ಬದಲಾಯಿಸಿದರು. ‘ಮೇಷ್ಟ್ರೇ, ಇದರಲ್ಲಿ ಬೀಜ ಇಳಿಯಲ್ಲ’ ಅಂದರು. ಬಟ್ಟಲಿನಿಂದ ನೆಲ ಸೀಳುವ ತಾಳಿಗೆ ಬೀಜ ಹೋಗುವ ಕೊಳವೆಯನ್ನೇ ಹುಡುಗ ಬಿಟ್ಟಿದ್ದ. ನನಗೂ ಗೊತ್ತಾಗಿರಲಿಲ್ಲ. ಸೀಮೆಸುಣ್ಣ ಕೇಳಿ ಇಸಿದುಕೊಂಡು, ವರಾಂಡದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅವರೇ ಬರೆಯತೊಡಗಿದರು. ಊಟದ ಬೆಲ್ಲು ಹೊಡೆದಿತ್ತು. ತಟ್ಟೆ ಹಿಡಿದುಕೊಂಡೇ ಮಕ್ಕಳು ಒಬ್ಬೊಬ್ಬರಾಗಿ ಸುತ್ತ ಬಂದು ನಿಂತರು. ಚಿತ್ರದ ಹುಡುಗ ಎಲ್ಲರಿಗಿಂತ ಮುಂದೆ.